ಮೆಲ್ಲನೆ ಓಡಬೇಕಾದ ಪಂಪು: ಕಸಿಗೆ ಮುನ್ನ ಮೇದೋಜೀರಕವನ್ನು ಕಾಪಾಡುವ ಬಗೆ

ಆರೋಗ್ಯವಂತರ ರಕ್ತದೊತ್ತಡ 120/80 ಎಂಬುದು ಎಲ್ಲರಿಗೂ ಬಾಯಿಪಾಠ. ದಾನಿಯ ದೇಹದಿಂದ ಹೊರತೆಗೆದ ಮೇದೋಜೀರಕ ಗ್ರಂಥಿಯನ್ನು ಯಂತ್ರಕ್ಕೆ ಜೋಡಿಸಿ, ಅದರ ರಕ್ತನಾಳಗಳಲ್ಲಿ ತಣ್ಣನೆಯ ದ್ರಾವಣ ಹರಿಸುವ ಸಂಶೋಧಕರು ಇಟ್ಟುಕೊಳ್ಳುವ ಒತ್ತಡ ಸುಮಾರು 25. ಪಾದರಸದ 25 ಮಿಲಿಮೀಟರು, ಅಷ್ಟೇ. ಅದಕ್ಕಿಂತ ಬಹಳ ಏರಿಸಿದರೆ ಗ್ರಂಥಿ ನೀರು ಕುಡಿದು ಊದಿಕೊಳ್ಳುತ್ತದೆ. ತೀರಾ ಇಳಿಸಿದರೆ ಒಳಗಿನ ಕೂದಲೆಳೆಯ ನಾಳಗಳಿಗೆ ದ್ರಾವಣ ತಲುಪುವುದೇ ಇಲ್ಲ. ಕಿಡ್ನಿ, ಲಿವರ್, ಶ್ವಾಸಕೋಶ, ಹೃದಯ, ಈ ನಾಲ್ಕಕ್ಕೂ ಇಂಥ ಯಂತ್ರಗಳು ಬಂದು, ಹಲವು ದೇಶಗಳ ಆಸ್ಪತ್ರೆಗಳಲ್ಲಿ ನೆಲೆಯೂರಿ ವರ್ಷಗಳಾದವು. ಮೇದೋಜೀರಕ ಮಾತ್ರ ಇನ್ನೂ ಹೆಚ್ಚಾಗಿ ಸಂಶೋಧಕರ ಕೈಯಲ್ಲೇ ಇದೆ. ಯಂತ್ರ ಮಾಡುವವರಿಗೆ ಜಾಣತನ ಸಾಲದೆ ಹೀಗಾದದ್ದಲ್ಲ, ಈ ಗ್ರಂಥಿಯ ಸ್ವಭಾವವೇ ಹಾಗೆ.

ಈ ಕಸಿ ಯಾರಿಗೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಅದೇ. ನಡುವಯಸ್ಸಿನಲ್ಲಿ ಬಂದು, ಮಾತ್ರೆ ಮತ್ತು ಪಥ್ಯದಲ್ಲಿ ಹತೋಟಿಗೆ ಸಿಗುವ ಎರಡನೇ ಬಗೆಯ ಮಧುಮೇಹಕ್ಕೆ ಸಾಮಾನ್ಯವಾಗಿ ಈ ದಾರಿ ಹಿಡಿಯುವುದಿಲ್ಲ. ಒಂದನೇ ಬಗೆಯದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಂದುಹಾಕಿರುತ್ತದೆ. ವರ್ಷಾನುಗಟ್ಟಲೆ ಸೂಜಿ ಚುಚ್ಚಿಕೊಂಡು, ಕೊನೆಗೆ ಕಿಡ್ನಿಯನ್ನೂ ಕಳೆದುಕೊಂಡವರು ಒಬ್ಬನೇ ದಾನಿಯಿಂದ ಕಿಡ್ನಿ ಮತ್ತು ಮೇದೋಜೀರಕ ಎರಡನ್ನೂ ಒಟ್ಟಿಗೆ ಪಡೆಯುತ್ತಾರೆ. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲಿ ಎಂದು ಹೇಗಿದ್ದರೂ ಜೀವನಪೂರ್ತಿ ಮಾತ್ರೆ ನುಂಗಬೇಕು. ನುಂಗುವ ಅದೇ ಮಾತ್ರೆಯಲ್ಲಿ ಇನ್ಸುಲಿನ್ ಸೂಜಿಯಿಂದಲೂ ಬಿಡುಗಡೆ ಸಿಕ್ಕೀತು ಎಂಬುದು ಲೆಕ್ಕ. ಆ ಮಾತ್ರೆಗಳಲ್ಲಿ ಪ್ರಮುಖವಾದ ಟ್ಯಾಕ್ರೊಲಿಮಸ್‌ಗೆ ತಾನೇ ಸಕ್ಕರೆ ಏರಿಸುವ ಗುಣವಿದೆ ಎಂಬುದು ವೈದ್ಯಶಾಸ್ತ್ರದ ಕುಚೋದ್ಯಗಳಲ್ಲೊಂದು.

ಮನುಷ್ಯರಲ್ಲಿ ಮೊದಲ ಮೇದೋಜೀರಕ ಕಸಿ ನಡೆದದ್ದು 1966ರ ಡಿಸೆಂಬರಿನಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಮಾಡಿದವರು ವಿಲಿಯಂ ಕೆಲ್ಲಿ ಮತ್ತು ರಿಚರ್ಡ್ ಲಿಲ್ಲೆಹೈ. ಅಲ್ಲಿಂದ ಇಲ್ಲಿಯವರೆಗೆ ಹೊಲಿಗೆಯ ವಿಧಾನ, ಔಷಧಿ, ರೋಗಿಯ ಆಯ್ಕೆ ಎಲ್ಲವೂ ಬದಲಾಗಿವೆ. ಬಹುಮಟ್ಟಿಗೆ ಬದಲಾಗದೆ ಉಳಿದಿರುವುದು ದಾನಿಯ ಆಸ್ಪತ್ರೆಯಿಂದ ರೋಗಿಯ ಆಸ್ಪತ್ರೆಗೆ ಗ್ರಂಥಿ ಸಾಗುವ ರೀತಿ: ಮೂರು ಪದರದ ಚೀಲ, ಅದರೊಳಗೆ ತಣ್ಣನೆಯ ದ್ರಾವಣ, ಸುತ್ತ ಮಂಜುಗಡ್ಡೆ, ಹೊರಗೊಂದು ಐಸ್ ಡಬ್ಬಿ.

ದಾನಿಯ ಹೊಟ್ಟೆಯಲ್ಲಿ ಈ ಗ್ರಂಥಿ ಇರುವ ಜಾಗವೇ ತೊಡಕಿನದು. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ, ಮೆತ್ತಗೆ ಮಲಗಿರುತ್ತದೆ. ಅದರ ತಲೆಯನ್ನು ಸಣ್ಣಕರುಳಿನ ಮೊದಲ ಭಾಗವಾದ ಡುಯೋಡಿನಮ್ ತಬ್ಬಿಕೊಂಡಿದ್ದರೆ, ಬಾಲ ಎಡಗಡೆಯ ಗುಲ್ಮವನ್ನು ಮುಟ್ಟುತ್ತದೆ. ಬೆರಳಿನಿಂದ ಗಟ್ಟಿಯಾಗಿ ಒತ್ತಿದರೂ ಗಾಯವಾಗುವ ಅಂಗ ಇದು. ಹಾಗಾಗಿ ನುರಿತ ಸರ್ಜನ್‌ಗಳು ಗ್ರಂಥಿಯನ್ನು ಆದಷ್ಟು ಮುಟ್ಟುವುದಿಲ್ಲ; ಬಾಲಕ್ಕೆ ಅಂಟಿಕೊಂಡ ಗುಲ್ಮವನ್ನೇ ಹಿಡಿಯಾಗಿ ಬಳಸಿ ಇಡೀ ಗ್ರಂಥಿಯನ್ನು ಎತ್ತುತ್ತಾರೆ. ಡುಯೋಡಿನಮ್ಮಿನ ತುಂಡನ್ನೂ ಜೊತೆಯಲ್ಲೇ ತೆಗೆಯಬೇಕು, ಗ್ರಂಥಿಯ ಜೀರ್ಣರಸದ ನಾಳ ತೆರೆದುಕೊಳ್ಳುವುದು ಅದರೊಳಕ್ಕೆ. ಕರುಳಿನ ತುಂಡೆಂದರೆ ಅದರೊಳಗಿನ ಸೂಕ್ಷ್ಮಾಣುಗಳೂ ಜೊತೆಗೇ ಬರುತ್ತವೆ. ಮೂಗಿನ ನಳಿಕೆಯ ಮೂಲಕ ಔಷಧ ಬಿಟ್ಟು ಅದನ್ನು ಮೊದಲೇ ತೊಳೆಯುವ ರೂಢಿ ಹೀಗೆ ಬಂತು.

ಇನ್ನೊಂದು ತೊಡಕು ಲಿವರಿನದು. ಅದೇ ದಾನಿಯ ಲಿವರ್ ಇನ್ನೊಬ್ಬರಿಗೆ ಹೋಗುತ್ತದೆ, ಹೋಗಲೇಬೇಕು. ಲಿವರಿಗೂ ಮೇದೋಜೀರಕಕ್ಕೂ ರಕ್ತ ಬರುವ ಮೂಲನಾಳ ಭಾಗಶಃ ಒಂದೇ. ಪಾಲಾಗುವಾಗ ಮುಖ್ಯನಾಳ ಲಿವರಿನ ಪಾಲಿಗೆ ಹೋಗಿ, ಮೇದೋಜೀರಕಕ್ಕೆ ಎರಡು ಮೊಂಡು ಅಪಧಮನಿಗಳು ಉಳಿಯುತ್ತವೆ. ಒಂದು ಗುಲ್ಮದ ಕಡೆಗೆ ಹೋಗುತ್ತಿದ್ದುದು, ಇನ್ನೊಂದು ಕರುಳಿನ ಕಡೆಗೆ ಹೋಗುತ್ತಿದ್ದುದು. ರೋಗಿಯೊಳಗೆ ಎರಡನ್ನೂ ಬೇರೆಬೇರೆಯಾಗಿ ಹೊಲಿಯುತ್ತ ಕೂರುವಂತಿಲ್ಲ. ಅದಕ್ಕೆ ದಾನಿಯ ಸೊಂಟದ ಅಪಧಮನಿ ಎರಡಾಗಿ ಕವಲೊಡೆಯುವ ಭಾಗವನ್ನು ಕತ್ತರಿಸಿ ತಂದಿರುತ್ತಾರೆ. ಕವೆಗೋಲಿನ ಆಕಾರದ ಆ ತುಂಡಿನ ಎರಡು ಕವಲುಗಳನ್ನು ಎರಡು ಮೊಂಡುಗಳಿಗೆ ಹೊಲಿದರೆ ಗ್ರಂಥಿಗೆ ಒಂದೇ ಬಾಗಿಲು ಸಿದ್ಧವಾಯಿತು. ಮಂಜುಗಡ್ಡೆಯ ತಟ್ಟೆಯಲ್ಲಿ ಗ್ರಂಥಿಯನ್ನಿಟ್ಟುಕೊಂಡು ಮಾಡುವ ಈ ಕೆಲಸಕ್ಕೆ ಗಂಟೆಗಳೇ ಹಿಡಿಯುತ್ತವೆ. ಮುಂದೆ ಯಂತ್ರದ ನಳಿಕೆ ಜೋಡಿಸುವುದೂ ಈ ಬಾಗಿಲಿಗೇ.

ಐಸ್ ಡಬ್ಬಿಯ ಶಾಸ್ತ್ರವನ್ನು ಸ್ವಲ್ಪ ನೋಡೋಣ. ದೇಹದ ಉಷ್ಣತೆ ಹತ್ತು ಡಿಗ್ರಿ ಇಳಿದಾಗಲೆಲ್ಲ ಕೋಶದ ಕೆಲಸ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 37 ಡಿಗ್ರಿಯಿಂದ 4 ಡಿಗ್ರಿಗೆ ಬಂದರೆ ಉಳಿಯುವುದು ಸುಮಾರು ಹತ್ತನೇ ಒಂದು ಪಾಲು. ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಕೋಶ ಉಸಿರಾಡಲು ನೋಡುತ್ತದೆ, ಆಮ್ಲಜನಕ ಇಲ್ಲ. ಕೂಡಿಟ್ಟ ಶಕ್ತಿಯ ಕಣಗಳಾದ ಎಟಿಪಿ ಖರ್ಚಾಗುತ್ತ ಹೋಗುತ್ತದೆ. ಎಟಿಪಿ ಮುಗಿದರೆ ಕೋಶದ ಪೊರೆಯಲ್ಲಿ ಸೋಡಿಯಂ ಹೊರದೂಡುವ ಪಂಪು ನಿಲ್ಲುತ್ತದೆ. ಸೋಡಿಯಂ ಒಳನುಗ್ಗುತ್ತದೆ, ಅದರ ಬೆನ್ನಿಗೆ ನೀರು. ಕೋಶ ಊದುತ್ತದೆ.

ಇದನ್ನು ತಡೆಯಲು ಹುಟ್ಟಿದ್ದು ಕಾಪಿಡುವ ದ್ರಾವಣಗಳು. ಅವುಗಳಲ್ಲಿ ಹೆಸರಾದದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ದ್ರಾವಣ, 1980ರ ದಶಕದ ಕೊನೆಯದು. ಫೋಕರ್ಟ್ ಬೆಲ್ಜರ್ ಮತ್ತು ಜೇಮ್ಸ್ ಸೌತಾರ್ಡ್ ಅದರ ಕರ್ತೃಗಳು. ಕೋಶದೊಳಗೆ ಸುಲಭವಾಗಿ ನುಸುಳದ ಲ್ಯಾಕ್ಟೊಬಯೊನೇಟ್ ಮತ್ತು ರ‍್ಯಾಫಿನೋಸ್ ಎಂಬ ದೊಡ್ಡ ಅಣುಗಳನ್ನು ಹಾಕಿ, ನೀರನ್ನು ಹೊರಗೇ ಹಿಡಿದಿಡುವುದು ಅದರ ಯುಕ್ತಿ. 1987ರಲ್ಲಿ ಈ ದ್ರಾವಣದಲ್ಲಿ ನಾಯಿಗಳ ಮೇದೋಜೀರಕವನ್ನು 72 ಗಂಟೆ ಕಾಪಿಟ್ಟು ಮರಳಿ ಕಸಿ ಮಾಡಿ ತೋರಿಸಿದರು. ಆಮೇಲಷ್ಟೇ ಅದು ಲಿವರ್, ಕಿಡ್ನಿಗಳ ಜಗತ್ತನ್ನು ಗೆದ್ದದ್ದು. ಇದರಲ್ಲೊಂದು ವಿಚಿತ್ರವಿದೆ. ಇದೇ ಬೆಲ್ಜರ್ 1967ರಲ್ಲಿ ನಾಯಿಯ ಕಿಡ್ನಿಗಳನ್ನು ಪಂಪಿನ ಮೇಲೆ ಮೂರು ದಿನ ಉಳಿಸಿ, ಯಂತ್ರದ ಯುಗಕ್ಕೆ ನಾಂದಿ ಹಾಡಿದ್ದವರು. ಇಪ್ಪತ್ತು ವರ್ಷಗಳ ನಂತರ ಅವರದೇ ದ್ರಾವಣ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಬಹಳ ಕಡೆ ಯಂತ್ರವನ್ನು ಮೂಲೆಗೆ ಸರಿಸಿ ಐಸ್ ಡಬ್ಬಿಯನ್ನೇ ನೆಚ್ಚಿಕೊಂಡರು. ಅಗ್ಗ, ಹಗುರ, ಕರೆಂಟು ಬೇಡ, ಕೆಡುವ ಭಾಗವಿಲ್ಲ. ಇವತ್ತಿಗೂ ಡಬ್ಬಿಯ ಪರವಾಗಿ ವಾದಿಸುವವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಹಾಗಾದರೆ ತಕರಾರು ಏನು? ಡಬ್ಬಿಯಲ್ಲಿ ಇರುವಷ್ಟು ಹೊತ್ತು ಕಾಣದ ಹಾನಿ, ರಕ್ತ ಮರಳಿ ಹರಿದ ಮೊದಲ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆಮ್ಲಜನಕವಿಲ್ಲದ ಕೋಶದಲ್ಲಿ ಸಕ್ಸಿನೇಟ್ ಎಂಬ ಪದಾರ್ಥ ಕೂಡಿಕೊಳ್ಳುತ್ತ ಹೋಗುತ್ತದೆ. ಬೆಚ್ಚಗಿನ ರಕ್ತ ಆಮ್ಲಜನಕವನ್ನು ಹೊತ್ತು ಒಮ್ಮೆಲೇ ನುಗ್ಗಿದಾಗ, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯ ಆ ಸಕ್ಸಿನೇಟನ್ನು ಗಬಗಬನೆ ಉರಿಸುತ್ತದೆ. ಆ ಅವಸರದಲ್ಲಿ ಕಿಡಿಗಳಂಥ ಆಮ್ಲಜನಕದ ಉಗ್ರ ಕಣಗಳು ಸಿಡಿದು ಕೋಶವನ್ನೇ ಸುಡುತ್ತವೆ. 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಸರಪಳಿಯನ್ನು ಸ್ಪಷ್ಟವಾಗಿ ಬಿಡಿಸಿಟ್ಟಿತು. ಎಲ್ಲ ಅಂಗಗಳಿಗೂ ಇದು ಅನ್ವಯಿಸುತ್ತದೆ. ಮೇದೋಜೀರಕಕ್ಕೆ ಇದರ ಮೇಲೆ ಇನ್ನೆರಡು ಕಂಟಕಗಳಿವೆ.

ಮೊದಲನೆಯದು ಅದರ ಹೊಟ್ಟೆಯೊಳಗೇ ಇರುವ ಬೆಂಕಿ. ಇನ್ಸುಲಿನ್ ಸುರಿಸುವ ದ್ವೀಪಕೋಶಗಳು ಇಡೀ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದುದೆಲ್ಲ ಅನ್ನ, ಎಣ್ಣೆ, ಮಾಂಸ ಕರಗಿಸುವ ಕಿಣ್ವಗಳ ಕಾರ್ಖಾನೆ. ನಮಗೆ ಬೇಕಾದದ್ದು ಆ ಒಂದೆರಡು ಪಾಲು, ಹೊತ್ತು ತರಬೇಕಾದದ್ದು ಇಡೀ ಕಾರ್ಖಾನೆ. ಕೋಶಗಳು ಬಳಲಿ ಒಡೆದರೆ ಕಿಣ್ವಗಳು ಸೋರಿ ಗ್ರಂಥಿಯನ್ನೇ ಜೀರ್ಣಿಸತೊಡಗುತ್ತವೆ. ಕಸಿಯ ನಂತರ ಬರುವ ಉರಿಯೂತದ ಮೂಲ ಇಲ್ಲಿದೆ.

ಎರಡನೆಯದು ರಕ್ತದ ನಿಧಾನ. ಹೃದಯ ಹೊರಹಾಕುವ ರಕ್ತದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ ಈ ಗ್ರಂಥಿಗೆ ಸಲ್ಲುತ್ತದೆ. ಕಿಡ್ನಿಗಳಿಗೆ ಸಿಗುವುದು ಇಪ್ಪತ್ತರಷ್ಟು. ದೇಹದಲ್ಲಿದ್ದಾಗ ಗುಲ್ಮದಿಂದ ಬರುವ ರಕ್ತ ಬಾಲದ ಬದಿಯ ಅಭಿಧಮನಿಯನ್ನು ತೊಳೆಯುತ್ತಿತ್ತು. ಕಸಿಗಾಗಿ ಗುಲ್ಮವನ್ನು ಕತ್ತರಿಸಿ ತೆಗೆದ ಮೇಲೆ ಆ ನಾಳದಲ್ಲಿ ಹರಿವು ಮಂದವಾಗುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಕಸಿಯಾದ ಮೊದಲ ದಿನಗಳಲ್ಲಿ, ದೇಹ ತಿರಸ್ಕರಿಸುವುದಕ್ಕೂ ಮುನ್ನ, ಮೇದೋಜೀರಕ ಕೈತಪ್ಪಲು ಮೊದಲ ಕಾರಣ ಈ ಹೆಪ್ಪು. ರಕ್ತನಾಳದ ಒಳಪದರ ಐಸಿನಲ್ಲಿ ಎಷ್ಟು ಹೊತ್ತು ನರಳಿದ್ದರೆ ಹೆಪ್ಪಿನ ಭಯ ಅಷ್ಟು ಹೆಚ್ಚು. ಕಿಡ್ನಿಯನ್ನು ಐಸಿನಲ್ಲಿ ಒಂದು ದಿನ ಇಟ್ಟೂ ಕಸಿ ಮಾಡುವ ಕೇಂದ್ರಗಳು ಮೇದೋಜೀರಕವನ್ನು ಹನ್ನೆರಡು ಗಂಟೆಯೊಳಗೆ ಮುಗಿಸಲು ನೋಡುವುದು ಇದಕ್ಕೇ.

ಪಂಪಿಗೆ ಹಾಕಿ ನೋಡುವ ಯೋಚನೆ ಹೊಸದಲ್ಲ. 1975ರಲ್ಲೇ ನಾಯಿಗಳ ಮೇದೋಜೀರಕ ಮತ್ತು ಡುಯೋಡಿನಮ್ಮನ್ನು ತಣ್ಣನೆಯ ಪಂಪಿನ ಮೇಲೆ 24 ಗಂಟೆ ಇಟ್ಟ ವರದಿ ಇದೆ. ಆದರೆ ಆ ಕಾಲದ ಯಂತ್ರಗಳು ಕಿಡ್ನಿಗಾಗಿ ಹುಟ್ಟಿದವು. ಕಿಡ್ನಿ ಎಂದರೆ ಹರಿವನ್ನು ತಡೆದುಕೊಳ್ಳಲೆಂದೇ ಇರುವ ಅಂಗ, ಸುತ್ತ ಬಿಗಿಯಾದ ಪೊರೆ ಬೇರೆ. ಮೇದೋಜೀರಕಕ್ಕೆ ಅಂಥ ಪೊರೆ ಇಲ್ಲ; ಹಾಲೆಹಾಲೆಯಾಗಿ ಬಿಡಿಬಿಡಿ, ನಡುವೆ ಸಡಿಲ ಅಂಗಾಂಶ. ಕಿಡ್ನಿಯ ಒತ್ತಡವನ್ನು ಇದಕ್ಕೆ ಕೊಡುವುದೆಂದರೆ ಸಸಿಮಡಿಗೆ ಕಾಲುವೆಯ ತೂಬೆತ್ತಿದ ಹಾಗೆ. ಗ್ರಂಥಿ ಊದಿ, ತೂಕ ಏರಿ, ಒಳಪದರ ಕಿತ್ತುಬಂದು, ಕಸಿಯ ನಂತರ ಹೆಪ್ಪುಗಟ್ಟುತ್ತಿತ್ತು. ಅತ್ತ ವಿಸ್ಕಾನ್ಸಿನ್ ದ್ರಾವಣ ಬಂತು. ಯಂತ್ರ ಮೇದೋಜೀರಕಕ್ಕೆ ಒಗ್ಗದು ಎಂಬ ಮಾತು ಹಲವು ವರ್ಷ ಪ್ರಶ್ನೆಯಿಲ್ಲದೆ ಓಡಾಡಿತು. ಒಗ್ಗದಿದ್ದದ್ದು ಯಂತ್ರವೋ ಅದರ ಒತ್ತಡವೋ ಎಂದು ಯಾರಾದರೂ ಬೇಗ ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಕಿಡ್ನಿಯ ಕಡೆಯಿಂದ ಬಂದ ಸುದ್ದಿ ಎಲ್ಲರನ್ನೂ ಮತ್ತೆ ಯಂತ್ರದ ಕಡೆ ತಿರುಗಿಸಿತು. ಯುರೋಪಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 336 ದಾನಿಗಳ ಎರಡು ಕಿಡ್ನಿಗಳಲ್ಲಿ ಒಂದನ್ನು ಯಂತ್ರಕ್ಕೆ, ಇನ್ನೊಂದನ್ನು ಐಸಿಗೆ ಹಾಕಿದರು. ಕಸಿಯಾದ ಮೇಲೆ ಕೆಲಸ ಶುರುಮಾಡಲು ತಡಮಾಡಿದ ಕಿಡ್ನಿಗಳು ಐಸಿನ ಗುಂಪಿನಲ್ಲಿ ನೂರಕ್ಕೆ 26.5, ಯಂತ್ರದ ಗುಂಪಿನಲ್ಲಿ 20.8. ಅದೇ ದಾನಿ, ಅದೇ ದಿನ, ಬೇರೆಯಾದದ್ದು ಕಾಪಿಟ್ಟ ವಿಧಾನ ಒಂದೇ. ಇಷ್ಟು ಶುದ್ಧವಾದ ಹೋಲಿಕೆ ವೈದ್ಯಶಾಸ್ತ್ರದಲ್ಲಿ ಅಪರೂಪ. ಮೇದೋಜೀರಕಕ್ಕೆ ಈ ಅನುಕೂಲವೂ ಇಲ್ಲ. ಒಬ್ಬ ದಾನಿಗೆ ಇರುವುದು ಒಂದೇ. ಒಬ್ಬರ ಗ್ರಂಥಿಯನ್ನು ಇನ್ನೊಬ್ಬರದರ ಜೊತೆ ಹೋಲಿಸಬೇಕು, ವಯಸ್ಸು, ಕೊಬ್ಬು, ಸಾವಿನ ಕಾರಣ ಎಲ್ಲ ಬೇರೆಬೇರೆ. ಕಸಿಗಳ ಸಂಖ್ಯೆಯೂ ಕಡಿಮೆ. ಅಮೆರಿಕದಂಥ ದೇಶದಲ್ಲೇ ವರ್ಷಕ್ಕೆ ಸುಮಾರು ಒಂದು ಸಾವಿರ. ಪುರಾವೆ ಕೂಡಿಬರುವುದು ನಿಧಾನವಾಗುವುದು ಹೀಗೆ.

ಈಗಿನ ತಣ್ಣನೆಯ ಯಂತ್ರದಲ್ಲಿ ಗ್ರಂಥಿ ಹೇಗೆ ಕೂರುತ್ತದೆ? ಮಂಜಿನ ತಟ್ಟೆಯ ಕೆಲಸ ಮುಗಿದು, ಗುಲ್ಮ ಬೇರ್ಪಟ್ಟು, ಕವೆನಾಳದ ಹೊಲಿಗೆಯಾದ ಮೇಲೆ, ನಾಳಗಳ ಬಿಡಿತುದಿಗಳನ್ನೆಲ್ಲ ಹುಡುಕಿ ಹುಡುಕಿ ಕಟ್ಟುತ್ತಾರೆ. ಸೋರುವ ಒಂದೇ ಒಂದು ತುದಿ ಉಳಿದರೂ ಯಂತ್ರ ತೋರಿಸುವ ಹರಿವಿನ ಅಂಕಿ ಸುಳ್ಳಾಗುತ್ತದೆ: ದ್ರಾವಣ ಅಂಗಾಂಶದೊಳಗೆ ಹೋಗದೆ ಹೊರಗೆ ಚೆಲ್ಲುತ್ತಿರುತ್ತದೆ, ಪರದೆಯ ಮೇಲೆ ಮಾತ್ರ ಎಲ್ಲ ಸರಿ. ಗ್ರಂಥಿಯನ್ನು ತೂಗಿ ಬರೆದಿಟ್ಟುಕೊಂಡು, ತಣ್ಣನೆಯ ದ್ರಾವಣ ತುಂಬಿದ ಪಾತ್ರೆಯಲ್ಲಿ ಮಲಗಿಸುತ್ತಾರೆ. ಅಪಧಮನಿಯ ಬಾಗಿಲಿಗೆ ನಳಿಕೆ. ಹೊರಹೋಗುವ ಪೋರ್ಟಲ್ ಅಭಿಧಮನಿಯನ್ನು ಸಾಮಾನ್ಯವಾಗಿ ಹಾಗೇ ತೆರೆದುಬಿಡುತ್ತಾರೆ, ದ್ರಾವಣ ಪಾತ್ರೆಗೆ ಹರಿದು, ಅಲ್ಲಿಂದ ಪಂಪಿಗೆ ಮರಳುತ್ತದೆ. ದಾರಿಯಲ್ಲಿ ಆಮ್ಲಜನಕ ಬೆರೆಸುವ ಪೊರೆಯೊಂದು, ಗಾಳಿಗುಳ್ಳೆ ಹಿಡಿಯುವ ಬಲೆಯೊಂದು, ಶಾಖ ಕಾಯುವ ವ್ಯವಸ್ಥೆಯೊಂದು.

ಹರಿಸುವ ದ್ರಾವಣವೂ ಡಬ್ಬಿಯದಲ್ಲ. ಡಬ್ಬಿಗೆ ಹಾಕುವುದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಪೊಟ್ಯಾಸಿಯಂ ರಕ್ತನಾಳವನ್ನು ಬಿಗಿಯುವಂತೆ ಮಾಡುವುದರಿಂದ, ಯಂತ್ರಕ್ಕಾಗಿ ಬೆಲ್ಜರ್ ತಂಡವೇ ಮಾಡಿದ ಇನ್ನೊಂದು ದ್ರಾವಣದಲ್ಲಿ ಅದನ್ನು ತಿರುವುಮುರುವು ಮಾಡಿ, ಲ್ಯಾಕ್ಟೊಬಯೊನೇಟ್ ಬದಲು ಗ್ಲೂಕೊನೇಟ್ ಹಾಕಿದ್ದಾರೆ. ನೀರು ನಾಳದಿಂದ ಹೊರಗೆ ಜಿನುಗದಂತೆ ಹಿಡಿದಿಡಲು ಪಿಷ್ಟದ ದೊಡ್ಡ ಅಣುಗಳೂ ಇರುತ್ತವೆ. ಊತವೇ ಮುಖ್ಯ ಶತ್ರುವಾದ ಈ ಅಂಗದಲ್ಲಿ ಅವುಗಳ ಪಾತ್ರ ದೊಡ್ಡದು.

ಪಂಪು ಶುರುವಾದ ಮೇಲೆ ನೋಡಬೇಕಾದದ್ದು ಒತ್ತಡ ಮತ್ತು ಹರಿವು, ಮತ್ತು ಇವೆರಡರಿಂದ ಸಿಗುವ ಪ್ರತಿರೋಧದ ಅಂಕಿ. ಒತ್ತಡವನ್ನು ಹಿಡಿದಿಟ್ಟು ಹರಿವನ್ನು ಅದರ ಪಾಡಿಗೆ ಬಿಡುವುದು ಸಾಮಾನ್ಯ ಕ್ರಮ. ಮೊದಲ ಅರ್ಧ ಗಂಟೆಯಲ್ಲಿ ನಾಳಗಳು ಸಡಿಲಗೊಂಡು ಪ್ರತಿರೋಧ ಇಳಿದರೆ ಒಳ್ಳೆಯ ಲಕ್ಷಣ. ಇಳಿದದ್ದು ಮತ್ತೆ ಏರತೊಡಗಿದರೆ ಒಳಗೆ ಊತ ಬರುತ್ತಿದೆ ಎಂದು ಅನುಮಾನಿಸಬೇಕು. ಆಗ ಕೈ ಸಹಜವಾಗಿ ಒತ್ತಡದ ಗುಂಡಿಯತ್ತ ಹೋಗುತ್ತದೆ, ಹರಿವು ಕಡಿಮೆಯಾಯಿತಲ್ಲ, ಇನ್ನಷ್ಟು ತಳ್ಳೋಣ ಎಂದು. ಅಲ್ಲೇ ಎಡವುವುದು. ಈ ಅಂಗದ ವಿಷಯದಲ್ಲಿ ಯಂತ್ರ ನಡೆಸುವವರ ವಿದ್ಯೆಯ ಬಹುಪಾಲು ಆ ಗುಂಡಿಯನ್ನು ಮುಟ್ಟದೆ ಇರುವುದರಲ್ಲಿದೆ.

ಇಷ್ಟು ಕಷ್ಟಪಟ್ಟು ಪಡೆಯುವುದೇನು? ಹೆಚ್ಚು ಹೊತ್ತು ಇಡಬಹುದು ಎಂಬುದು ಮೊದಲು ಹೊಳೆಯುವ ಉತ್ತರ, ಆದರೆ ಅದು ಚಿಕ್ಕ ಉತ್ತರ ಎಂದು ನನಗೆ ತೋರುತ್ತದೆ. ಮುಖ್ಯವಾದದ್ದು ಆಮ್ಲಜನಕ. ನಾಲ್ಕರಿಂದ ಹತ್ತು ಡಿಗ್ರಿಯ ತಣ್ಪಿನಲ್ಲೂ ಆಮ್ಲಜನಕ ಕೊಟ್ಟರೆ ಮೈಟೊಕಾಂಡ್ರಿಯ ಮೆಲ್ಲಗೆ ಕೆಲಸಕ್ಕಿಳಿಯುತ್ತದೆ. ಕೂಡಿಕೊಂಡ ಸಕ್ಸಿನೇಟ್ ನಿಧಾನವಾಗಿ ಕರಗುತ್ತದೆ, ತಣ್ಪಿನಲ್ಲಾದ್ದರಿಂದ ಕಿಡಿ ಸಿಡಿಯುವುದು ಕಡಿಮೆ, ಎಟಿಪಿಯ ಉಗ್ರಾಣ ಮತ್ತೆ ತುಂಬುತ್ತದೆ. ಬೆಚ್ಚಗಿನ ರಕ್ತ ಬರುವ ಹೊತ್ತಿಗೆ ಸುಡಲು ಉಳಿದಿರುವುದೇ ಅಲ್ಪ. ಲಿವರಿನಲ್ಲಿ ಈ ವಿಧಾನ ಆಸ್ಪತ್ರೆಯ ಪರೀಕ್ಷೆಗಳಲ್ಲಿ ಗೆದ್ದಾಗಿದೆ. ಮೇದೋಜೀರಕದಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗೆನ್ ತಂಡ 2018ರಲ್ಲಿ ಪ್ರಕಟಿಸಿದ ಕೆಲಸ ಮೈಲಿಗಲ್ಲು: ಕಸಿಗೆ ಒಲ್ಲೆ ಎಂದು ಬಿಟ್ಟ ಮನುಷ್ಯರ ಗ್ರಂಥಿಗಳನ್ನು ಆಮ್ಲಜನಕ ತುಂಬಿದ ತಣ್ಣನೆಯ ದ್ರಾವಣದಲ್ಲಿ 25ರ ಒತ್ತಡದಲ್ಲಿ ಆರು ಗಂಟೆ ನಡೆಸಿದಾಗ ಎಟಿಪಿ ಏರಿತು, ಗಮನಾರ್ಹ ಊತ ಬರಲಿಲ್ಲ. ಹೃದಯ ನಿಂತ ಮೇಲೆ ದಾನ ಮಾಡಿದವರ ಗ್ರಂಥಿಗಳಲ್ಲೂ ಇದು ಕಂಡದ್ದು ವಿಶೇಷ, ಅವು ಮೊದಲೇ ಬೆಚ್ಚಗಿನ ಸ್ಥಿತಿಯಲ್ಲಿ ಆಮ್ಲಜನಕಕ್ಕೆ ಹಸಿದವು. ಅದೇ ವರ್ಷ ಫ್ರಾನ್ಸಿನ ನಾಂಟ್ ನಗರದ ತಂಡ ಮಿಡಿಯುವ ಪಂಪಿನ ಮೇಲೆ 24 ಗಂಟೆ ಇಟ್ಟು, ಅಂಗಾಂಶ ಹಾಳಾಗದೆ ಉಳಿದದ್ದನ್ನು ತೋರಿಸಿತು.

ಇನ್ನೊಂದು ದಾರಿ ಬೆಚ್ಚಗಿನದು. 37 ಡಿಗ್ರಿ, ಕೆಂಪು ರಕ್ತಕಣಗಳು, ಪೋಷಕಾಂಶ. ಗ್ರಂಥಿ ಹೊರಗಿದ್ದೇ ಬದುಕಿ ಕೆಲಸ ಮಾಡಬೇಕು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತಿರಸ್ಕೃತ ಮಾನವ ಗ್ರಂಥಿಗಳನ್ನು ಹೀಗೆ ನಡೆಸಿ ಇನ್ಸುಲಿನ್ ಹೊರಬರುವುದನ್ನು 2015ರಲ್ಲಿ ವರದಿ ಮಾಡಿದರು. ಕೆನಡಾದ ಟೊರಾಂಟೊ ತಂಡ ಹಂದಿಗಳ ಗ್ರಂಥಿಯನ್ನು ಬೆಚ್ಚಗೆ ನಡೆಸಿ, ಕಸಿಯನ್ನೂ ಮಾಡಿದೆ. ಬೆಚ್ಚಗಿನ ದಾರಿಯ ಆಕರ್ಷಣೆ ಪರೀಕ್ಷೆಯದು. ದ್ರಾವಣಕ್ಕೆ ಗ್ಲೂಕೋಸ್ ಸುರಿದು, ಇನ್ಸುಲಿನ್ ಮತ್ತು ಅದರ ಜೊತೆಗೇ ಹೊರಬರುವ ಸಿ-ಪೆಪ್ಟೈಡ್ ಏರುತ್ತವೆಯೇ ಎಂದು ಅಳೆಯಬಹುದು. ತಣ್ಣನೆಯ ಗ್ರಂಥಿಗೆ ಈ ಪ್ರಶ್ನೆ ಕೇಳುವಂತಿಲ್ಲ, ಅದು ನಿದ್ದೆಯಲ್ಲಿರುತ್ತದೆ. ಆದರೆ ಬೆಚ್ಚಗಾದರೆ ಕಿಣ್ವದ ಕಾರ್ಖಾನೆಯೂ ಎಚ್ಚರಗೊಳ್ಳುತ್ತದೆ. ಜೀರ್ಣರಸದ ನಾಳಕ್ಕೆ ಪ್ರತ್ಯೇಕ ನಳಿಕೆ ಹಾಕಿ ಹೊರಗೆ ಸೆಳೆಯಬೇಕು, ಡುಯೋಡಿನಮ್ಮಿನ ರಸ ಬೆರೆಯದಂತೆ ನೋಡಬೇಕು, ಕಿಣ್ವ ತಡೆಯುವ ಔಷಧ ಸೇರಿಸಬೇಕು; ಕೆಲವರು ಡಯಾಲಿಸಿಸ್ ಫಿಲ್ಟರನ್ನೇ ದಾರಿಯಲ್ಲಿ ಜೋಡಿಸುತ್ತಾರೆ. ದೇಹದಲ್ಲಿ ಕಿಡ್ನಿಯೂ ಲಿವರೂ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳೆಲ್ಲ ಈಗ ಯಂತ್ರದ ತಲೆಗೆ ಬಂದವು. ನಡುವೆ ಪಂಪು ನಿಂತುಹೋದರೆ, ತಣ್ಣನೆಯ ಯಂತ್ರ ಐಸ್ ಡಬ್ಬಿಯಾಗುತ್ತದೆ. ಬೆಚ್ಚಗಿನದರಲ್ಲಿ ಗ್ರಂಥಿಯೇ ಹೋಗುತ್ತದೆ. ಮೊದಲು ಆಸ್ಪತ್ರೆಗೆ ಕಾಲಿಡುವುದು ತಣ್ಣನೆಯದೇ ಎಂಬ ನನ್ನ ಅಂದಾಜಿಗೆ ಈ ಒಂದು ವ್ಯತ್ಯಾಸವೇ ಸಾಕು.

ಪಂಪಿಲ್ಲದೆ ಆಮ್ಲಜನಕ ಕೊಡುವ ಯತ್ನಗಳೂ ನಡೆದಿವೆ. ಜಪಾನಿನ ಕೋಬೆಯಲ್ಲಿ ಯೋಶಿಕಾಜು ಕುರೋಡ ಅವರ ತಂಡ 1988ರಲ್ಲಿ, ಆಮ್ಲಜನಕವನ್ನು ಹೇರಳವಾಗಿ ಕರಗಿಸಿಕೊಳ್ಳುವ ಪರ್‌ಫ್ಲೋರೋಕಾರ್ಬನ್ ಎಂಬ ಭಾರದ ದ್ರವದ ಮೇಲೆ ಗ್ರಂಥಿಯನ್ನು ತೇಲಿಬಿಟ್ಟಿತು. ಮೇಲೊಂದು ದ್ರಾವಣ, ಕೆಳಗೊಂದು, ನಡುವೆ ಗ್ರಂಥಿ. ಸರಳ, ಸುಂದರ. ಆದರೆ ಆಮ್ಲಜನಕ ಹೊರಮೈಯಿಂದ ಜಿನುಗಿ ಒಳಸೇರುವುದು ಒಂದೆರಡು ಮಿಲಿಮೀಟರು ಮಾತ್ರ. ಮನುಷ್ಯರ ಗ್ರಂಥಿ ಅದಕ್ಕಿಂತ ಎಷ್ಟೋ ದಪ್ಪ. ಮುಂದಿನ ದೊಡ್ಡ ಹೋಲಿಕೆಗಳಲ್ಲಿ ನಿರೀಕ್ಷಿಸಿದ ಲಾಭ ಕಾಣಲಿಲ್ಲ. ರಕ್ತನಾಳಗಳ ಮೂಲಕ ತೇವಗೊಳಿಸಿದ ಆಮ್ಲಜನಕದ ಅನಿಲವನ್ನೇ ಹಾಯಿಸುವ ವಿಧಾನವೂ ಉಂಟು. ದ್ರವವೇ ಇಲ್ಲದ್ದರಿಂದ ನೀರು ತುಂಬುವ ಮಾತಿಲ್ಲ.

ಇಡೀ ಗ್ರಂಥಿಯನ್ನು ಕಸಿ ಮಾಡದೆ, ಅದರಿಂದ ದ್ವೀಪಕೋಶಗಳನ್ನಷ್ಟೇ ಬಿಡಿಸಿ ಲಿವರಿನ ರಕ್ತನಾಳದೊಳಗೆ ಹನಿಸುವ ಚಿಕಿತ್ಸೆಯೂ ಇದೆ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪೀರೊ ತಂಡ ಏಳು ಮಂದಿಯಲ್ಲಿ ಇದು ಫಲಿಸಿದ್ದನ್ನು ತೋರಿಸಿದ ಮೇಲೆ ಹೆಸರಾಯಿತು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಂಥ ದ್ವೀಪಕೋಶದ ಉತ್ಪನ್ನವೊಂದಕ್ಕೆ ಅನುಮತಿ ನೀಡಿತು. ಯಂತ್ರಕ್ಕೆ ಇದು ಒಳ್ಳೆಯ ಅಂಗಳ. ಇಲ್ಲಿ ರಕ್ತನಾಳಗಳನ್ನು ಮತ್ತೆ ಹೊಲಿಯುವುದೇ ಇಲ್ಲ, ಹಾಗಾಗಿ ಗ್ರಂಥಿಯ ನಾಳದಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ತುಸು ಊತ ಬಂದರೂ ನಡೆದೀತು. ನೆದರ್ಲೆಂಡ್ಸಿನ ಲೈಡನ್‌ನಲ್ಲಿ ದ್ವೀಪಕೋಶ ಬಿಡಿಸುವ ಮೊದಲು ಗ್ರಂಥಿಯನ್ನು ಆಮ್ಲಜನಕದ ತಣ್ಣನೆಯ ಯಂತ್ರದಲ್ಲಿ ಇಟ್ಟು ನೋಡಿದ್ದಾರೆ.

ಯಂತ್ರ ಬಂದರೆ ನಿಜವಾಗಿ ಬದಲಾಗಬಹುದಾದದ್ದು ತೀರ್ಮಾನದ ಘಳಿಗೆ. ಈಗ ದಾನಿಯ ವಯಸ್ಸು, ತೂಕ, ಅಮೈಲೇಸ್ ಮತ್ತು ಸೋಡಿಯಂ ಮಟ್ಟ ಮುಂತಾದವನ್ನು ಸೇರಿಸಿ ಅಂಕ ಹಾಕುವ ಪದ್ಧತಿಗಳಿವೆ. ಕೊನೆಯ ಮಾತು ಮಾತ್ರ ಹೊಟ್ಟೆ ತೆರೆದ ಸರ್ಜನ್ನರ ಕಣ್ಣು ಮತ್ತು ಬೆರಳಿನದು: ಕೊಬ್ಬು ಎಷ್ಟು, ಗಟ್ಟಿಯಾಗಿದೆಯೇ, ಊದಿದೆಯೇ, ಬಣ್ಣ ಹೇಗಿದೆ. ಆ ಬೆರಳಿನ ಅನುಭವಕ್ಕೆ ಬೆಲೆಯಿದೆ. ಆದರೆ ನಡುರಾತ್ರಿ, ಗಡಿಯಾರ ಓಡುತ್ತಿರುವಾಗ, ಅನುಮಾನ ಬಂದದ್ದನ್ನು ಬಿಟ್ಟುಬಿಡುವುದೇ ಕ್ಷೇಮ ಎಂದು ಯಾರಿಗಾದರೂ ಅನ್ನಿಸುತ್ತದೆ. ಗ್ರಂಥಿ ಒಂದಷ್ಟು ಗಂಟೆ ಯಂತ್ರದ ಮೇಲೆ ಕುಳಿತರೆ, ಪ್ರತಿರೋಧದ ಏರಿಳಿತ, ದ್ರಾವಣಕ್ಕೆ ಸೋರಿದ ಕಿಣ್ವಗಳಾದ ಲೈಪೇಸ್ ಮತ್ತು ಎಲ್‌ಡಿಎಚ್, ತೂಕದ ಹೆಚ್ಚಳ, ಬೆಚ್ಚಗಿದ್ದರೆ ಇನ್ಸುಲಿನ್, ಇವೆಲ್ಲ ಸಾಕ್ಷಿ ಹೇಳುತ್ತವೆ. ಯಾವ ಅಂಕಿ ದಾಟಿದರೆ ಒಪ್ಪಬೇಕು, ಯಾವುದು ದಾಟಿದರೆ ಬಿಡಬೇಕು ಎಂಬ ಗೆರೆ ಇನ್ನೂ ಎಳೆದಾಗಿಲ್ಲ. ತಿರಸ್ಕೃತ ಗ್ರಂಥಿಗಳ ಮೇಲಿನ ಪ್ರಯೋಗದಿಂದ ಆ ಗೆರೆ ಸಿಗುವುದಿಲ್ಲ, ಅವನ್ನು ಯಾರಿಗೂ ಕಸಿ ಮಾಡಿರುವುದಿಲ್ಲವಲ್ಲ. ಅಳೆದ ಗ್ರಂಥಿ ರೋಗಿಯೊಳಗೆ ಹೇಗೆ ಬಾಳಿತು ಎಂದು ನೋಡಿದ ಮೇಲೆಯೇ ಅಳತೆಗೆ ಅರ್ಥ.

ನಮ್ಮಲ್ಲಿ ಮೇದೋಜೀರಕ ಕಸಿ ಬಹಳ ವಿರಳ. ಭಾರತದಲ್ಲಿ ಮರಣಾನಂತರದ ದಾನಿಗಳೇ ಹತ್ತು ಲಕ್ಷ ಜನಕ್ಕೆ ಒಬ್ಬರಿಗಿಂತ ಕಡಿಮೆ, ಅವರಲ್ಲಿ ಬಹುತೇಕರು ಮಿದುಳು ನಿಷ್ಕ್ರಿಯಗೊಂಡವರು. ಕರ್ನಾಟಕದಲ್ಲಿ ಹಂಚಿಕೆಯನ್ನು ನೋಡಿಕೊಳ್ಳುವ ‘ಜೀವಸಾರ್ಥಕತೆ’ಯ ಮೂಲಕ ಇತ್ತೀಚಿನ ವರ್ಷಗಳಲ್ಲಿ ದಾನಿಗಳ ಸಂಖ್ಯೆ ವರ್ಷಕ್ಕೆ ನೂರೈವತ್ತು ದಾಟಿದೆ, ದೇಶದಲ್ಲಿ ಮುಂಚೂಣಿಯ ರಾಜ್ಯಗಳಲ್ಲೊಂದು. ಆದರೆ ಪ್ರತಿ ದಾನಿಯಿಂದ ಕಿಡ್ನಿ, ಲಿವರ್, ಕಣ್ಣು ಬಳಕೆಯಾಗುವಷ್ಟು ಸುಲಭವಾಗಿ ಮೇದೋಜೀರಕ ಬಳಕೆಯಾಗುವುದಿಲ್ಲ. ತಂಡಗಳು ಕಡಿಮೆ, ಪಟ್ಟಿಯಲ್ಲಿ ಕಾಯುವವರು ಕಡಿಮೆ, ಹನ್ನೆರಡು ಗಂಟೆಯ ಗಡುವು ಬೇರೆ. ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದಾನಿ, ಬೆಂಗಳೂರಿನಲ್ಲಿ ರೋಗಿ ಎಂದಾಗ ದಾರಿಯಲ್ಲೇ ಗಂಟೆಗಳು ಕರಗುತ್ತವೆ. ಆಂಬುಲೆನ್ಸಿಗೆ ಪೊಲೀಸರು ರಸ್ತೆ ತೆರವು ಮಾಡಿಕೊಡುವ ಗ್ರೀನ್ ಕಾರಿಡಾರ್ ಉಳಿಸುವುದು ಊರೊಳಗಿನ ನಿಮಿಷಗಳನ್ನು. ಯಂತ್ರ ಇಲ್ಲಿಗೆ ಬರುವ ದಿನ, ಪಂಪಿನ ಜೊತೆಗೆ ಅದನ್ನು ರಾತ್ರಿಯಿಡೀ ಕಾಯುವ ತರಬೇತಿ ಪಡೆದ ಪರ್‌ಫ್ಯೂಷನಿಸ್ಟರೂ ಬೇಕು, ಪ್ರತಿ ಸಲ ಬದಲಿಸಬೇಕಾದ ನಳಿಕೆ ಮತ್ತು ದ್ರಾವಣದ ಖರ್ಚನ್ನು ಯಾರು ಹೊರಬೇಕೆಂಬ ತೀರ್ಮಾನವೂ ಬೇಕು. ಆ ಖರ್ಚು ಗ್ರಂಥಿಯನ್ನು ಕೊನೆಗೆ ಬಳಸಿದರೂ ಅಷ್ಟೇ, ಬೇಡವೆಂದು ಬಿಟ್ಟರೂ ಅಷ್ಟೇ.